ವಿಜಯಪುರದಲ್ಲಿ ಎರಡು ದಿನ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಹಿರಿಯರ ಮಾತು. ಕೈಗೆಟುಕುವಷ್ಟು ಹತ್ತಿರವಿರುವುದರ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲವೆಂಬುದನ್ನು ಈ ಗಾದೆ ಮೂರೇ ಪದಗಳಲ್ಲಿ ಹೇಳುತ್ತದೆ. ಗಿಡಮೂಲಿಕೆಗೆ ಸಲ್ಲುವ ಈ ಮಾತು ಊರುಗಳಿಗೂ ಸಲ್ಲುತ್ತದೆ. ಇಟಲಿ ದೇಶದ ಫ್ಲಾರೆನ್ಸ್ ನಗರವನ್ನು ನೋಡಲು ಜಗತ್ತಿನ ಎಲ್ಲ ಮೂಲೆಗಳಿಂದಲೂ ಜನ ಹೋಗುತ್ತಾರೆ. ಸಮುದ್ರಗಳನ್ನು ದಾಟಿ ಬಂದ ದಂಪತಿಗಳು ಅಲ್ಲಿ ಎರಡು ದಿನ ತಂಗುತ್ತಾರೆ, ಚಿತ್ರಶಾಲೆಗಳನ್ನು ನೋಡುತ್ತಾರೆ, 463 ಮೆಟ್ಟಿಲುಗಳನ್ನೇರಿ ಅಲ್ಲಿಯ ಮಹಾದೇವಾಲಯದ ಗುಮ್ಮಟದ ತುದಿ ತಲುಪಿ ಧನ್ಯರಾದೆವೆಂದುಕೊಳ್ಳುತ್ತಾರೆ. ಇದು ಮೆಚ್ಚತಕ್ಕ ವಿಷಯವೇ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಿನ ಜನರಿಗೆ ಅಂಥದೇ ಒಂದು ಕಲಾನಗರ ಬಸ್ಸಿನಲ್ಲಿ ಒಂದೆರಡು ಗಂಟೆಯ ಹಾದಿಯಲ್ಲಿದೆ. ಅದೇ ವಿಜಯಪುರ.

ಈ ಭಾಗದ ಜನ ವಿಜಯಪುರಕ್ಕೆ ಹೋಗುವುದಿಲ್ಲವೆಂದಲ್ಲ. ಜಿಲ್ಲಾ ಕಚೇರಿಯ ಕೆಲಸ, ನ್ಯಾಯಾಲಯದ ತಾರೀಖು, ದೊಡ್ಡ ದವಾಖಾನೆ, ಮದುವೆಯ ಜವಳಿ, ಬೆಳೆದ ಮಾಲಿನ ಮಾರಾಟ ಹೀಗೆ ವರ್ಷಕ್ಕೆ ಹತ್ತಾರು ಸಲ ಹೋಗಿಬರುತ್ತಾರೆ. ಬಯಲಿನಲ್ಲಿ ಬಹುದೂರದಿಂದಲೇ ಗೋಳಗುಮ್ಮಟ ಕಣ್ಣಿಗೆ ಬೀಳುತ್ತದೆ. ಅದು ಕಂಡೊಡನೆ 'ಊರು ಬಂತು' ಎಂದು ಎಲ್ಲರೂ ತಮ್ಮ ತಮ್ಮ ಚೀಲಗಳನ್ನು ಎತ್ತಿಕೊಳ್ಳುತ್ತಾರೆ. ಜಗತ್ತಿನ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಹೆಸರಾದ ಕಟ್ಟಡವೊಂದು ಅವರ ಪಾಲಿಗೆ ಮೈಲಿಗಲ್ಲಾಗಿ ನಿಂತಿದೆ.

ಇಂಡಿ ತಾಲ್ಲೂಕಿನ ಹಳ್ಳಿಯೊಂದರ ದಂಪತಿಗಳೂ ಹೀಗೆಯೇ ಇದ್ದರು. ಗಂಡನಿಗೆ ಅರವತ್ತರ ಸಮೀಪದ ವಯಸ್ಸು. ನಾಲ್ಕು ಎಕರೆ ಲಿಂಬೆಯ ತೋಟದ ಒಡೆಯ. ಹೆಂಡತಿ ಮನೆ, ತೋಟ ಎರಡನ್ನೂ ನೋಡಿಕೊಂಡು, ಬಿಡುವಾದಾಗ ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವಾಕೆ. ಗಂಡ ಬಾಲ್ಯದಲ್ಲಿ ಶಾಲೆಯ ಹುಡುಗರೊಡನೆ ಒಮ್ಮೆ ಗೋಳಗುಮ್ಮಟವನ್ನು ಹತ್ತಿ ಇಳಿದಿದ್ದ. ಹೆಂಡತಿ ಅದರ ಬಾಗಿಲನ್ನೂ ಕಂಡವಳಲ್ಲ. ಒಂದು ಸಂಜೆ ಮೊಮ್ಮಗಳು ಪುಸ್ತಕ ಹಿಡಿದು ಬಂದು, "ಅಜ್ಜಾ, ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳತೈತಿ ಅಂತ ಬರದಾರ. ಖರೇನಾ?" ಎಂದು ಕೇಳಿದಳು. ಅಜ್ಜ ಹೆಂಡತಿಯ ಮುಖ ನೋಡಿದ. ಆಕೆ ಗಂಡನ ಮುಖ ನೋಡಿದಳು. ಅರವತ್ತು ವರ್ಷ ಆ ಗುಮ್ಮಟದ ನೆರಳಿನಲ್ಲಿ ಬದುಕಿದವರಿಗೆ ಅಷ್ಟು ಚಿಕ್ಕ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ, ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಕೇವಲ ನೋಡುವುದಕ್ಕೆಂದೇ ಅವರು ಎರಡು ದಿನಗಳ ಮಟ್ಟಿಗೆ ವಿಜಯಪುರಕ್ಕೆ ಹೊರಟರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದ್ದವು.

ಅವರು ನೋಡಹೊರಟ ನಗರದ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜಯಪುರವಾಗಿದ್ದ ಈ ಊರು ಜನರ ಬಾಯಲ್ಲಿ ವಿಜಾಪುರವಾಯಿತು. 2014ರಲ್ಲಿ ಹಳೆಯ ಹೆಸರನ್ನೇ ಅಧಿಕೃತವಾಗಿ ಮರಳಿ ಪಡೆಯಿತು. ಬಹಮನಿ ರಾಜ್ಯ ಒಡೆದಾಗ, 15ನೆಯ ಶತಮಾನದ ಕೊನೆಯಲ್ಲಿ, ಯೂಸುಫ್ ಆದಿಲ್‌ಶಾಹ ಇಲ್ಲಿ ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿದ. 1565ರಲ್ಲಿ ದಖ್ಖನ್ನಿನ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದ ಯುದ್ಧಕ್ಕೆ ತಾಳಿಕೋಟೆಯ ಹೆಸರೂ, ಕೃಷ್ಣಾತೀರದ ರಕ್ಕಸಗಿ ತಂಗಡಗಿಗಳ ಹೆಸರೂ ಅಂಟಿಕೊಂಡಿವೆ. ಇವುಗಳಲ್ಲಿ ತಾಳಿಕೋಟೆ, ತಂಗಡಗಿಗಳು ಹಳೆಯ ಮುದ್ದೇಬಿಹಾಳ ತಾಲ್ಲೂಕಿನ ಊರುಗಳೇ. ಒಂದು ಮಹಾನಗರದ ಪತನ ಇನ್ನೊಂದರ ಏಳಿಗೆಗೆ ದಾರಿಯಾಯಿತು. ಮುಂದಿನ ನೂರು ವರ್ಷಗಳಲ್ಲಿ ವಿಜಾಪುರದಲ್ಲಿ ಕೋಟೆ, ಮಸೀದಿ, ಅರಮನೆ, ಸಮಾಧಿ, ಬಾವಿಗಳು ಒಂದರ ಬೆನ್ನಿಗೊಂದು ಎದ್ದವು. 1686ರಲ್ಲಿ ಔರಂಗಜೇಬ ನಗರವನ್ನು ಗೆದ್ದುಕೊಂಡಾಗ ಆ ವೈಭವ ಮುಗಿಯಿತು. ಬಳಿಕ ಸುಮಾರು ಇನ್ನೂರು ವರ್ಷ ಅದು ಪಾಳುಬಿದ್ದ ಮಹಲುಗಳ ಊರಾಗಿತ್ತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ಇಲ್ಲಿಗೆ ಬಂದ ಮೇಲೆ ಜನವಸತಿ ಮತ್ತೆ ಬೆಳೆಯಿತು.

ದಂಪತಿಗಳು ಮೊದಲು ಗೋಳಗುಮ್ಮಟಕ್ಕೆ ನಡೆದರು. ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿಮಂದಿರ. ಕರಿಕಲ್ಲಿನ ಚೌಕಾಕಾರದ ಕಟ್ಟಡ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಅಷ್ಟಕೋನದ ಗೋಪುರಗಳು. ನಡುವೆ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಮಹಾಗುಮ್ಮಟ. ಒಳಗೆ ಕಾಲಿಟ್ಟ ಮಡದಿ ಬಾಗಿಲಲ್ಲಿಯೇ ನಿಂತುಬಿಟ್ಟಳು. ಸುಮಾರು 41 ಮೀಟರ್ ಉದ್ದ, ಅಷ್ಟೇ ಅಗಲದ ಒಂದೇ ಕೋಣೆ. ನಡುವೆ ಒಂದೂ ಕಂಬವಿಲ್ಲ. ನಡುವಣ ಕಟ್ಟೆಯ ಮೇಲೆ ದೊರೆ ಮತ್ತು ಆತನ ಪರಿವಾರದವರ ಗೋರಿಗಳ ಗುರುತುಗಳಿವೆ. ನಿಜವಾದ ಗೋರಿಗಳಿರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಕತ್ತೆತ್ತಿ ನೋಡಿದರೆ, ಒಳಗಿನ ವ್ಯಾಸವೇ 38 ಮೀಟರಿನಷ್ಟಿರುವ ಗುಮ್ಮಟ ಆಕಾಶದಂತೆ ಮೇಲೆ ಕವಿದುಕೊಂಡಿದೆ.

"ಕಂಬ ಇಲ್ಲ, ತೊಲೆ ಇಲ್ಲ. ಇಷ್ಟು ಭಾರ ಯಾವುದರ ಮ್ಯಾಲೆ ಕುಂತೈತ್ರೀ?" ಎಂದು ಆಕೆ ಕೇಳಿದಳು. ವಾಸ್ತುಶಿಲ್ಪವನ್ನು ಅರಿಯಬಯಸುವವರು ಕೇಳಬೇಕಾದ ಮೊದಲನೆಯ ಪ್ರಶ್ನೆಯೇ ಇದು. ಗೋಡೆಗಳಿರುವುದು ಚೌಕದಲ್ಲಿ, ಗುಮ್ಮಟದ ಬುಡವಿರುವುದು ವರ್ತುಲದಲ್ಲಿ. ಚೌಕದ ಮೇಲೆ ವರ್ತುಲವನ್ನು ಕೂಡಿಸಿದರೆ ನಾಲ್ಕು ಮೂಲೆಗಳು ಖಾಲಿ ಉಳಿಯುತ್ತವೆ. ಅಲ್ಲಿ ಭಾರವನ್ನು ಹೊರುವವರು ಯಾರು? ಜಗತ್ತಿನಲ್ಲಿ ಗುಮ್ಮಟ ಕಟ್ಟಿದವರೆಲ್ಲ ಈ ತೊಡಕನ್ನು ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ.

ಮಾರ್ಗದರ್ಶಕನು ಗೋಡೆಗಳಿಂದೆದ್ದ ಎಂಟು ದೊಡ್ಡ ಕಮಾನುಗಳನ್ನು ತೋರಿಸಿ, ಅವು ಒಂದನ್ನೊಂದು ಹಾದು ಹೋಗುವುದನ್ನು ವಿವರಿಸಿದ. ಗಂಡನಿಗೆ ಅದು ಸರಿಯಾಗಿ ಮನದಟ್ಟಾಗಲಿಲ್ಲ. ಮಡದಿಯೋ ಕೆಲ ಹೊತ್ತು ಮೇಲೆಯೇ ದೃಷ್ಟಿಯಿಟ್ಟು, ಬುತ್ತಿ ಕಟ್ಟಿದ್ದ ಚೌಕದ ಬಟ್ಟೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದಳು. ಅದರ ಮೇಲೆ ಗಂಡನ ವಸ್ತ್ರವನ್ನು ಅಷ್ಟೇ ಅಳತೆಯ ಚೌಕವಾಗಿ ಮಡಿಚಿ, ತುಸು ತಿರುಗಿಸಿ ಇಟ್ಟಳು. ಎರಡು ಚೌಕಗಳು ಸೇರಿ ಎಂಟು ಮೂಲೆಗಳ ನಕ್ಷತ್ರವಾಯಿತು. "ಕೌದಿಯ ನಡುವೆ ನಾವು ಚಿಕ್ಕಿ ಇಡೂದಿಲ್ಲೇನ್ರೀ, ಹಂಗ. ಚಿಕ್ಕಿ ನಡುವೆ ನೋಡ್ರಿ, ಎಂಟು ಮೂಲಿ ಆತು. ಎಂಟು ಮೂಲಿ ಆದ ಮ್ಯಾಲೆ ದುಂಡಗೆ ಆಗಾಕ ಎಷ್ಟು ದೂರ?" ಎಂದಳು.

ಆಕೆ ಹೇಳಿದ್ದು ಅಕ್ಷರಶಃ ನಿಜ. ಎಂಟು ಕಮಾನುಗಳನ್ನು ನೆಲದ ಮೇಲೆ ಗೆರೆಗಳಾಗಿ ಎಳೆದರೆ, ಒಂದನ್ನೊಂದು ಹಾಯುವ ಎರಡು ಚೌಕಗಳಾಗುತ್ತವೆ. ಅವುಗಳಿಂದಾದ ನಕ್ಷತ್ರದ ಎರಡೆರಡು ಮೂಲೆಗಳು ಕೋಣೆಯ ಒಂದೊಂದು ಗೋಡೆಯನ್ನು ತಾಗುತ್ತವೆ. ನಡುವೆ ಅಷ್ಟಕೋನವೊಂದು ಉಳಿಯುತ್ತದೆ. ಕಮಾನುಗಳ ನಡುವಣ ಎಡೆಗಳನ್ನು ಕಲ್ಲುಗಾರೆಯಿಂದ ಮುಂಚಾಚಿ ತುಂಬಿದಾಗ ಅಷ್ಟಕೋನವು ವರ್ತುಲವಾಗುತ್ತದೆ. ಆ ವರ್ತುಲದ ಮೇಲೆ ಗುಮ್ಮಟ ಕುಳಿತಿದೆ. ಗುಮ್ಮಟವನ್ನು ವರ್ತುಲದ ಒಳ ಅಂಚಿನಲ್ಲಿ ಇಡದೆ ಹಿಂದಕ್ಕೆ ಸರಿಸಿ ಇಟ್ಟಿದ್ದಾರೆ. ಆದ್ದರಿಂದ ಅದರ ಬುಡದಲ್ಲಿ, ಒಳಮಗ್ಗುಲಿಗೆ, ಸುಮಾರು ಮೂರು ಮೀಟರಿಗೂ ಹೆಚ್ಚು ಅಗಲದ ಮೊಗಸಾಲೆಯೊಂದು ದೊರೆಯಿತು. ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿರುವ ಇದೇ ಲೋಕಪ್ರಸಿದ್ಧವಾದ ಪಿಸುಮಾತಿನ ಮೊಗಸಾಲೆ.

ಈ ಏರ್ಪಾಡಿನಲ್ಲಿ ಇನ್ನೊಂದು ಜಾಣ್ಮೆ ಅಡಗಿದೆ. ಗುಮ್ಮಟ ತನ್ನ ಭಾರದಿಂದ ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಬುಡದಲ್ಲಿ ಹೊರಕ್ಕೂ ಒತ್ತುತ್ತದೆ. ಎರಡು ಇಸ್ಪೀಟು ಎಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ಕೆಳಗಿನ ಅಂಚುಗಳು ಹೊರಕ್ಕೆ ಜಾರುತ್ತವಲ್ಲವೆ, ಹಾಗೆ. ಆ ಒತ್ತಡವನ್ನು ತಡೆಯದಿದ್ದರೆ ಗೋಡೆಗಳು ಬಿರಿಯುತ್ತವೆ. ಗೋಳಗುಮ್ಮಟದಲ್ಲಿ ಒಳಕ್ಕೆ ಚಾಚಿ ನಿಂತ ಕಮಾನುಗಳ ಹಾಗೂ ಮೊಗಸಾಲೆಯ ಅಪಾರ ಭಾರ ಒಳಕ್ಕೆ ಜಗ್ಗುತ್ತದೆ. ಹೊರಕ್ಕೆ ಒತ್ತುವ ಗುಮ್ಮಟವೂ ಒಳಕ್ಕೆ ಜಗ್ಗುವ ಕಮಾನುಗಳೂ ತಕ್ಕಡಿಯ ಎರಡು ತಟ್ಟೆಗಳಂತೆ ಪರಸ್ಪರ ಸರಿತೂಗುತ್ತವೆ. ಮೂರೂವರೆ ಶತಮಾನಗಳಿಗೂ ಮೀರಿ ಆ ತಕ್ಕಡಿ ಸಮನಾಗಿ ನಿಂತಿದೆ.

ಇದೇ ಒತ್ತಡವನ್ನು ಫ್ಲಾರೆನ್ಸ್ ನಗರದವರು ಎದುರಿಸಿದ ಬಗೆ ಬೇರೆ. ಅಲ್ಲಿಯ ಮಹಾದೇವಾಲಯಕ್ಕೆ ಅಡಿಗಲ್ಲು ಬಿದ್ದದ್ದು 1296ರಲ್ಲಿ. ನಡುವೆ ಸುಮಾರು 45 ಮೀಟರ್ ಅಗಲದ ಅಷ್ಟಕೋನದ ತೆರಪನ್ನು ಬಿಟ್ಟು ಕಟ್ಟುತ್ತ ಬಂದರು. ಅದನ್ನು ಮುಚ್ಚುವ ಬಗೆ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1420ರಲ್ಲಿ, ಬ್ರುನೆಲೆಸ್ಕಿ ಎಂಬ ಅಕ್ಕಸಾಲಿಗನು ಕೆಲಸವನ್ನು ಆರಂಭಿಸಿದ. ನೆಲದಿಂದ ಊರೆಗೋಲಿನ ಚೌಕಟ್ಟನ್ನು ಎಬ್ಬಿಸದೆಯೇ, ಒಂದರೊಳಗೊಂದಿರುವ ಎರಡು ಪದರಗಳಲ್ಲಿ ಗುಮ್ಮಟವನ್ನು ಕಟ್ಟಿ, ಹೊರಕ್ಕೆ ಬಿರಿಯದಂತೆ ಕಲ್ಲು, ಕಬ್ಬಿಣ, ಮರಗಳ ಬಳೆಗಳನ್ನು ಒಳಗೆ ಹುದುಗಿಸಿ, 1436ರಲ್ಲಿ ಮುಗಿಸಿದ. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ ಆತ ಗುಮ್ಮಟವನ್ನು ಬಿಗಿದ. ವಿಜಾಪುರದ ಶಿಲ್ಪಿಗಳು ಭಾರಕ್ಕೆ ಭಾರವನ್ನೇ ಎದುರಿಟ್ಟರು. ಸಮಸ್ಯೆ ಒಂದೇ, ಎರಡು ನಾಡುಗಳ ಬುದ್ಧಿ ಅದನ್ನು ಎರಡು ದಾರಿಗಳಲ್ಲಿ ಗೆದ್ದಿತು.

ಗೋಳಗುಮ್ಮಟವು ಜಗತ್ತಿನಲ್ಲಿ ಎಷ್ಟನೆಯ ದೊಡ್ಡ ಗುಮ್ಮಟ ಎಂಬ ಲೆಕ್ಕ ಆಗಾಗ ಕೇಳಿಬರುತ್ತದೆ. ವ್ಯಾಸವನ್ನಷ್ಟೇ ಅಳೆದರೆ ಸುಮಾರು 1,900 ವರ್ಷ ಹಿಂದಿನ ರೋಮಿನ ಪ್ಯಾಂಥಿಯನ್ ಇದಕ್ಕಿಂತ ದೊಡ್ಡದು, ಫ್ಲಾರೆನ್ಸಿನದೂ ದೊಡ್ಡದು, ಇಂದಿನ ಉಕ್ಕಿನ ಗುಮ್ಮಟಗಳು ಇವೆಲ್ಲವನ್ನೂ ಮೀರಿಸಿವೆ. ಆದರೆ ಒಂದೇ ಗುಮ್ಮಟದ ಕೆಳಗೆ, ಕಂಬಗಳಿಲ್ಲದೆ ಸುಮಾರು 1,700 ಚದರ ಮೀಟರಿನ ನೆಲವನ್ನು ತೆರೆದಿಟ್ಟ ಸಾಹಸದಲ್ಲಿ ಗೋಳಗುಮ್ಮಟವು ಪ್ಯಾಂಥಿಯನ್ನಿಗಿಂತಲೂ ಮುಂದಿದೆ.

ಮಧ್ಯಾಹ್ನ ಗೋಪುರದ ಸುರುಳಿ ಮೆಟ್ಟಿಲುಗಳನ್ನೇರಿ ಅವರು ಮೊಗಸಾಲೆಯನ್ನು ತಲುಪಿದಾಗ ಅಲ್ಲಿ ಪ್ರವಾಸಿಗಳ ದಟ್ಟಣೆ. ಹಾಕುವ ಕೇಕೆ, ಹೊಡೆಯುವ ಸಿಳ್ಳು, ತಟ್ಟುವ ಚಪ್ಪಾಳೆಗಳೆಲ್ಲ ಒಂದರೊಳಗೊಂದು ಬೆರೆತು ಸಂತೆಯ ಗದ್ದಲವಾಗಿದ್ದಿತು. ಮೊಮ್ಮಗಳಿಗಾಗಿ ಪ್ರತಿಧ್ವನಿಯನ್ನು ಎಣಿಸಬೇಕೆಂದು ಬಂದವರಿಗೆ ಒಂದನ್ನೂ ಎಣಿಸಲಾಗಲಿಲ್ಲ. ಕಾವಲುಗಾರನು, "ಮುಂಜಾನೆ ಬಾಗಿಲ ತೆಗೆದ ಕೂಡಲೆ ಬರ್ರಿ, ಆಗ ಅದು ಮಾತಾಡತೈತಿ" ಎಂದ.

ಉಳಿದ ಹೊತ್ತಿನಲ್ಲಿ ಅವರು ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಿದರು. ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸತೊಡಗಿದ ಜಾಮಿ ಮಸೀದಿಯ ವಿಶಾಲವಾದ ಪ್ರಾಕಾರದಲ್ಲಿ, ಸಾಲು ಕಮಾನುಗಳ ತಂಪಿನಲ್ಲಿ ಕುಳಿತರು. ಸಂಜೆ ಅಸಾರ ಮಹಲಿನ ಎದುರಿಗೆ ಬಂದರು. ಎತ್ತರವಾದ ನಾಲ್ಕು ಮರದ ಕಂಬಗಳ ಈ ಮಹಲನ್ನು ಮುಹಮ್ಮದ್ ಆದಿಲ್‌ಶಾಹ ಮೊದಲು ನ್ಯಾಯಸ್ಥಾನವಾಗಿ ಕಟ್ಟಿಸಿದ್ದ. ಆದಿಲ್‌ಶಾಹಿ ಅರಸರ ಪುಸ್ತಕಭಂಡಾರದಲ್ಲಿ ಅಳಿದುಳಿದಿದ್ದ ಅರಬ್ಬಿ, ಫಾರಸಿ ಹಸ್ತಪ್ರತಿಗಳು ಇಲ್ಲಿಯೇ ಇದ್ದವು. 19ನೆಯ ಶತಮಾನದ ನಡುವೆ ಬ್ರಿಟಿಷ್ ಅಧಿಕಾರಿಗಳು ಅವನ್ನು ಲಂಡನ್ನಿಗೆ ಸಾಗಿಸಿದರು. ಇಂದು ಅವುಗಳನ್ನು ಓದಬಯಸುವವರು ಸಮುದ್ರವನ್ನು ದಾಟಿಯೇ ಹೋಗಬೇಕಾಗಿದೆ.

ಮರುದಿನ ಬೆಳಕು ಹರಿಯುತ್ತಲೇ ದಂಪತಿಗಳು ಮತ್ತೆ ಮೊಗಸಾಲೆಯಲ್ಲಿದ್ದರು. ಕಾವಲುಗಾರನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಗಂಡನು ಒಮ್ಮೆ ಚಪ್ಪಾಳೆ ತಟ್ಟಿದ. ಆ ಸದ್ದು ಎದುರಿನ ಗೋಡೆಯಿಂದ ಮರಳಿತು, ಮತ್ತೆ ಮರಳಿತು, ದೂರ ಸರಿಯುವ ಗುಡುಗಿನಂತೆ ಕ್ಷೀಣಿಸುತ್ತ, ಮರುಮರಳಿ ಬಂದಿತು. ಇಬ್ಬರೂ ಬೆರಳು ಮಡಿಚಿ ಎಣಿಸಿದರು. ಗಂಡನಿಗೆ ಏಳು ಬಂದವು, ಹೆಂಡತಿಗೆ ಒಂಬತ್ತು. ಇಬ್ಬರಲ್ಲಿ ಯಾರ ಲೆಕ್ಕವೂ ತಪ್ಪಲ್ಲ. ಕಿವಿ ಸೂಕ್ಷ್ಮವಾದಷ್ಟೂ ಎಣಿಕೆ ಮುಂದುವರಿಯುತ್ತದೆ. ಹತ್ತರವರೆಗೆ ಎಣಿಸಿದವರೂ ಇದ್ದಾರೆ.

ಇದರ ಹಿಂದಿರುವುದು ಸರಳವಾದ ಲೆಕ್ಕ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಚಲಿಸುತ್ತದೆ. ಎರಡು ಸದ್ದುಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಅಂತರವಿದ್ದರೆ ಮಾತ್ರ ನಮ್ಮ ಕಿವಿ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಗುಮ್ಮಟದ ಒಳವ್ಯಾಸ 38 ಮೀಟರ್; ಹೋಗಿ ಬರುವ ದೂರ 76 ಮೀಟರ್; ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದ್ದರಿಂದ ಪ್ರತಿಯೊಂದು ಮರುದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಗೋಡೆ ಗಟ್ಟಿಯಾಗಿಯೂ ದುಂಡಾಗಿಯೂ ಇರುವುದರಿಂದ ಶಬ್ದ ಚದರಿಹೋಗದೆ ಮತ್ತೆ ಮತ್ತೆ ಎದುರುಬದುರಾಗಿ ಪುಟಿಯುತ್ತದೆ. ಪಿಸುಮಾತಿನ ಬಗೆಯೇ ಬೇರೆ. ಗೋಡೆಗೆ ಬಾಯಿಟ್ಟು ಮೆಲ್ಲನೆ ನುಡಿದರೆ ಆ ದನಿ ನಡುವಣ ಬಯಲಿಗೆ ಹರಡುವುದಿಲ್ಲ. ಕಾಲುವೆಯ ದಂಡೆ ಹಿಡಿದು ಹರಿಯುವ ನೀರಿನಂತೆ ಗೋಡೆಯ ಬಾಗನ್ನೇ ಹಿಡಿದು ಸಾಗಿ, ಎದುರುಮಗ್ಗುಲಲ್ಲಿ ಕಿವಿಯಿಟ್ಟವರನ್ನು ಮುಟ್ಟುತ್ತದೆ.

ಕಾವಲುಗಾರನು ಗಂಡನನ್ನು ಒಂದು ಕಡೆಗೂ ಹೆಂಡತಿಯನ್ನು ಎದುರುಕಡೆಗೂ ನಿಲ್ಲಿಸಿ, ಗೋಡೆಗೆ ಏನಾದರೂ ಹೇಳಿರೆಂದ. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಗಂಡನ ಹೆಸರನ್ನು ಹೇಳಿದ್ದು ಮದುವೆ ಸೀಮಂತಗಳಲ್ಲಿ, ಹಿರಿಯರ ಒತ್ತಾಯಕ್ಕೆ, ಒಡಪಿನಲ್ಲಿ ಮಾತ್ರ. ಆಕೆ ಅತ್ತಿತ್ತ ನೋಡಿ, ಸೆರಗನ್ನು ಬಾಯಿಗೆ ಮರೆಮಾಡಿಕೊಂಡು, ಗೋಡೆಗೆ ಆ ಹೆಸರನ್ನು ಹೇಳಿದಳು. ಎದುರಿಗೆ ನಿಂತಿದ್ದ ಆತ ತಟ್ಟನೆ ತಿರುಗಿ ನೋಡಿ ನಕ್ಕ.

ಆದರೆ ಆ ನಗೆ ಬೇಗನೆ ಮಾಯವಾಯಿತು. ಆತ ಗೋಡೆಯುದ್ದಕ್ಕೂ ಏನನ್ನೋ ಹುಡುಕುತ್ತ ನಡೆಯತೊಡಗಿದ. ಮಡದಿ ಬಳಿಗೆ ಬಂದು ಕೇಳಿದಾಗ, "ಸಾಲಿ ಹುಡುಗ ಇದ್ದಾಗ ಇಲ್ಲಿ ಎಲ್ಲೋ ಮೊಳಿಯಿಂದ ನನ್ನ ಹೆಸರು ಕೆತ್ತಿದ್ದೆ" ಎಂದ. ಗೋಡೆಯ ಮೇಲೆ ಆತನಂಥವರು ಗೀಚಿದ ಹೆಸರುಗಳು ಅಲ್ಲಲ್ಲಿ ಕಾಣುತ್ತಿದ್ದವು. ಗೀಚಿದ ಕಡೆಗಳಲ್ಲೆಲ್ಲ ಹಳೆಯ ಗಾರೆ ಕಿತ್ತುಹೋಗಿತ್ತು. ಕೆಲವೆಡೆ ಹೊಸ ಗಾರೆಯ ತೇಪೆ ಹಾಕಿದ್ದರು. ಆತನ ಹೆಸರು ಸಿಗಲಿಲ್ಲ. ಈ ಗುಮ್ಮಟಕ್ಕೆ ಕಲ್ಲು ಕಡಿದವರು, ಸುಣ್ಣ ಅರೆದವರು, ಎಷ್ಟೋ ಆಳೆತ್ತರಕ್ಕೆ ಇಟ್ಟಿಗೆ ಹೊತ್ತವರು ಸಾವಿರಾರು ಮಂದಿ. ಅವರೊಬ್ಬರೂ ತಮ್ಮ ಹೆಸರನ್ನು ಈ ಗೋಡೆಯ ಮೇಲೆ ಬಿಟ್ಟುಹೋಗಲಿಲ್ಲ; ಅರ್ಧ ಗಳಿಗೆ ನೋಡಲು ಬಂದವರು ಬಿಟ್ಟುಹೋದರು. ಆ ರೈತ ಬಹಳ ಹೊತ್ತು ಮಾತನಾಡದೆ ಮೆಟ್ಟಿಲಿಳಿದ.

ಅಲ್ಲಿಂದ ಅವರು ಟಾಂಗಾ ಹಿಡಿದು ನಗರದ ಪಶ್ಚಿಮದ ಕಡೆಗೆ ಹೊರಟರು. ದಾರಿಯಲ್ಲಿ, ಎರಡನೆಯ ಅಲಿ ಆದಿಲ್‌ಶಾಹನ ಪೂರ್ತಿಗೊಳ್ಳದ ಸಮಾಧಿಯಾದ ಬಾರಾ ಕಮಾನಿನ ಬೋಳು ಕಮಾನುಗಳು ಆಕಾಶಕ್ಕೆ ಎದ್ದು ನಿಂತಿದ್ದವು. ಮುಂದೆ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. ಅಹಮದನಗರದಲ್ಲಿ 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಇದರ ತೂಕ ಸುಮಾರು 55 ಟನ್. ಬಾಯಿಯ ಸುತ್ತ ಸಿಂಹದ ಮುಖ. ಅದರ ಕೋರೆಗಳ ನಡುವೆ ಆನೆ. ಇಷ್ಟು ದೊಡ್ಡ ಎರಕದ ಕೌಶಲವನ್ನು ಕಂಡು ಇಂದಿನ ಲೋಹತಜ್ಞರೂ ಬೆರಗಾಗುತ್ತಾರೆ. 1854ರಲ್ಲಿ ಇದನ್ನು ಹಳೆಯ ಲೋಹವೆಂದು ಹರಾಜಿಗಿಟ್ಟರು. ಕೂಗಿದ ಬೆಲೆ 150 ರೂಪಾಯಿ. ಮೇಲಧಿಕಾರಿಯೊಬ್ಬರು ತಡೆದುದರಿಂದ ಅದು ಉಳಿಯಿತು. ಅಂದು ಅವರು ತಡೆಯದೆ ಹೋಗಿದ್ದರೆ, ಆ ಸಿಂಹದ ಮುಖ ಹಂಡೆ ಕೊಪ್ಪರಿಗೆಗಳಾಗಿ ಮನೆಮನೆಗೆ ಹಂಚಿಹೋಗುತ್ತಿತ್ತು.

ಕೋಟೆಗೋಡೆಯ ಹೊರಗೆ, ತೋಟದ ನಡುವೆ, ಇಬ್ರಾಹಿಂ ರೋಜಾ ಇದೆ. ಗೋಳಗುಮ್ಮಟವನ್ನು ಅದರ ಗಾತ್ರಕ್ಕಾಗಿ ನೋಡಬೇಕು. ಇದನ್ನು ಅದರ ಕುಸುರಿಗಾಗಿ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಸ್ವತಃ ಸಂಗೀತಗಾರ. ದಖ್ಖನಿ ಭಾಷೆಯಲ್ಲಿ ಆತ ರಚಿಸಿದ 'ಕಿತಾಬ್-ಎ-ನವರಸ್' ಎಂಬ ಗೀತೆಗಳ ಗ್ರಂಥದಲ್ಲಿ ಸರಸ್ವತಿಯ ಸ್ತುತಿಯಿದೆ. ಜನ ಆತನನ್ನು 'ಜಗದ್ಗುರು' ಎಂದು ಕರೆದರು. ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಈ ಮಂದಿರವನ್ನು ಕಟ್ಟಿಸತೊಡಗಿದನಂತೆ. ಕೊನೆಗೆ ಆತನೂ ಇಲ್ಲಿಯೇ ಮಲಗಿದ. ಮಲಿಕ್ ಸಂದಲ್ ಇದರ ನಿರ್ಮಾಣದ ಹೊಣೆ ಹೊತ್ತವನು. ಒಳಕೋಣೆಯ ಕಲ್ಲಿನ ಮಾಡು ಯಾವ ಆಧಾರವೂ ಕಾಣದಂತೆ ಸಮತಟ್ಟಾಗಿ ನಿಂತಿದೆ. ಕಿಟಕಿಗಳಲ್ಲಿ ಸರಳುಗಳಿಲ್ಲ, ಅರಬ್ಬಿ ಅಕ್ಷರಗಳನ್ನು ಉಳಿಸಿ, ಅವುಗಳ ನಡುವಣ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಹೊರಗಿನ ಬಿಸಿಲು ಬರವಣಿಗೆಯ ಎಡೆಗಳಿಂದಲೇ ಒಳಗೆ ಬರಬೇಕು. ಮಡದಿ ಆ ಜಾಲಂಧ್ರವನ್ನು ಬೆರಳಿನಿಂದ ಮುಟ್ಟಹೋಗಿ, ಏನೋ ನೆನೆದು ಕೈಯನ್ನು ಹಿಂತೆಗೆದುಕೊಂಡಳು.

ಗಂಡನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ತಾಜ್ ಬಾವಡಿ. ಲಿಂಬೆ ಬೆಳೆಯುವವನಿಗೆ ನೀರಿನ ಬೆಲೆ ಗೊತ್ತು. ಎರಡು ಅಷ್ಟಕೋನದ ಬುರುಜುಗಳ ನಡುವೆ ಹೆಬ್ಬಾಗಿಲಿನಂಥ ಕಮಾನು. ಕಮಾನಿನೊಳಗೆ ಇಳಿದರೆ ಕೆರೆಯಷ್ಟು ವಿಶಾಲವಾದ ಬಾವಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಲಕ್ಷಗಟ್ಟಲೆ ಜನರ ನಗರವನ್ನು ಸಾಕಿದ್ದು ಇಂಥ ಬಾವಿಗಳು ಮತ್ತು ದೂರದಿಂದ ಬಂದ ಕಾಲುವೆಗಳು. ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ಕೆರೆಯಿಂದಲೂ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ನೀರನ್ನು ತಂದಿದ್ದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯದಿರಲೆಂದೂ, ಕೆಸರು ತಳಕ್ಕೆ ಇಳಿಯಲೆಂದೂ ದಾರಿಯುದ್ದಕ್ಕೂ 'ಗಂಜ್' ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ಇಂಥ ಬಾವಿಗಳಲ್ಲಿ ಹಲವು ಮುಂದೆ ಕಸ ಎಸೆಯುವ ಗುಂಡಿಗಳಾದವು. ತಾಜ್ ಬಾವಡಿಯ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆದು ಶುದ್ಧಗೊಳಿಸಿದ್ದಾರೆ. ರೈತನಿಗೆ ತನ್ನ ಹಳ್ಳಿಯ ಅಗಸೆಯ ಬಳಿಯ ಕಲ್ಲುಬಾವಿಯ ನೆನಪಾಯಿತು. ಕೊಳವೆಬಾವಿ ಬಂದ ಮೇಲೆ ಅದರಲ್ಲಿ ಊರಿನ ಕಸವೆಲ್ಲ ಬೀಳುತ್ತಿತ್ತು. "ನಮ್ಮ ಬಾವಿಗೂ ಮೆಟ್ಟಿಲ ಅದಾವಲ್ಲ" ಎಂದು ಆತ ಮೆಲ್ಲನೆ ಹೇಳಿದ.

1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಫ್ಲಾರೆನ್ಸ್ ನಗರವನ್ನು ನುಗ್ಗಿತು. ಗ್ರಂಥಾಲಯಗಳೂ ಚಿತ್ರಗಳೂ ಕೆಸರಿನಲ್ಲಿ ಮುಳುಗಿದವು. ಆಗ ಆ ಊರಿನವರೂ ದೇಶವಿದೇಶಗಳ ತರುಣರೂ ಸಾಲುಗಟ್ಟಿ ನಿಂತು, ಒಂದೊಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಮೇಲೆತ್ತಿದರು. ಕೆಸರನ್ನು ತೊಳೆದು ಒಣಗಿಸಿದರು. ಆ ನಗರದ ನಿಜವಾದ ಐಶ್ವರ್ಯ ಯಾವುದೆಂಬುದು ಅಂದು ಜಗತ್ತಿಗೆ ತಿಳಿಯಿತು. ಗುಮ್ಮಟ ನಮ್ಮಲ್ಲಿಯೂ ಇದೆ, ಅವರಲ್ಲಿಯೂ ಇದೆ. ಕಟ್ಟಿದ ಹಿರಿಯರ ಬುದ್ಧಿಯಲ್ಲಿ ನಮ್ಮವರು ಕಡಮೆಯಲ್ಲ. ಉಳಿಸಿಕೊಳ್ಳುವ ಕೈಗಳು ಎಷ್ಟಿವೆ ಎಂಬುದೊಂದೇ ಪ್ರಶ್ನೆ. ಸರಕಾರದ ಪುರಾತತ್ತ್ವ ಇಲಾಖೆ ಕಾವಲು ಇಡಬಲ್ಲದು, ತೇಪೆ ಹಾಕಬಲ್ಲದು. ಆದರೆ ಪ್ರತಿಯೊಬ್ಬನ ಕೈಯಲ್ಲಿರುವ ಮೊಳೆಯನ್ನು ಅದು ಕಾಯಲಾರದು. ಅದನ್ನು ಕಾಯಬೇಕಾದದ್ದು ನೋಡುವವನ ಅರಿವು. ಒಂದು ಕಟ್ಟಡ ಹೇಗೆ ನಿಂತಿದೆ ಎಂಬುದನ್ನು ತಿಳಿದವನು ಅದನ್ನು ಗೀಚಲಾರ.

ಆ ಸಂಜೆ ಇಂಡಿಯ ಬಸ್ಸು ಊರು ಬಿಟ್ಟಾಗ ಇಬ್ಬರೂ ಕಿಟಕಿಯಿಂದ ಹಿಂತಿರುಗಿ ನೋಡುತ್ತಲೇ ಇದ್ದರು. ಬಯಲಿನ ಅಂಚಿನಲ್ಲಿ ಗುಮ್ಮಟ ಮರೆಯಾಗುವವರೆಗೂ ಮಾತಿಲ್ಲ. ಮನೆಯ ಹೊಸ್ತಿಲಲ್ಲಿಯೇ ಕಾದಿದ್ದ ಮೊಮ್ಮಗಳು, "ಏಳು ಸಲ ಖರೇನಾ ಅಜ್ಜಾ?" ಎಂದು ಕೇಳಿದಳು.

"ನನಗ ಏಳು ಕೇಳಿಸಿದ್ವು, ನಿಮ್ಮವ್ವಜ್ಜಿಗೆ ಒಂಬತ್ತು" ಎಂದು ಅಜ್ಜ ನಕ್ಕ. "ನಿನ್ನ ಕಿವಿ ಸಣ್ಣವು. ಸಾಲಿ ಸೂಟಿ ಬಿಟ್ಟ ಮ್ಯಾಲೆ ಮುಂಜಾನೆ ಹೊತ್ತಿಗೆ ಕರಕೊಂಡು ಹೋಗತೀನಿ. ನೀನೇ ಎಣಿಸು. ಆದ್ರ ಒಂದು ಮಾತು: ಕೈಯಾಗ ಮೊಳಿ, ಕಲ್ಲು ಏನೂ ಇರಬಾರದು."

ಅಜ್ಜಿ ಆಗಲೇ ಪಡಸಾಲೆಯಲ್ಲಿ ಎರಡು ಚೌಕದ ಬಟ್ಟೆಗಳನ್ನು ಹಾಸಿ, ಒಂದನ್ನು ತುಸು ತಿರುಗಿಸಿ ಇಡುತ್ತಿದ್ದಳು. ಮೊಮ್ಮಗಳು ಅವಳ ಪಕ್ಕದಲ್ಲಿ ಬಂದು ಕುಳಿತಳು.